ಎಡವಿದಲ್ಲಿ ಕೈಹಿಡಿಯುವ ಗುರು

ಓದಲು ಬಲ್ಲವರಿಗೆ ಓದು ಉಸಿರಾಟದಷ್ಟೇ ಸಹಜವಾದ ಕ್ರಿಯೆಯಂತೆ ತೋರುತ್ತದೆ. ಕಣ್ಣು ಅಕ್ಷರಗಳ ಮೇಲೆ ಹರಿದೊಡನೆಯೇ ಅರ್ಥವು ಮನಸ್ಸಿನಲ್ಲಿ ಮೂಡುತ್ತದೆ. ನಡುವೆ ಯಾವ ಶ್ರಮವೂ ನಡೆದಂತೆ ಕಾಣುವುದಿಲ್ಲ. ಆದರೆ ಹುಟ್ಟುವಾಗಲೇ ಓದನ್ನು ಕಲಿತು ಬಂದವರು ಯಾರೂ ಇಲ್ಲ. ಮಾತು ಮನುಷ್ಯನಿಗೆ ಬಹು ಪ್ರಾಚೀನ ಕಾಲದಿಂದ ಒಲಿದು ಬಂದ ಶಕ್ತಿ. ತಾಯಿಯ ಮಡಿಲಿನಲ್ಲಿ, ಮನೆಯ ಅಂಗಳದಲ್ಲಿ, ಯಾರೂ ಪಾಠ ಹೇಳದೆಯೇ ಮಗು ಅದನ್ನು ಕಲಿಯುತ್ತದೆ. ಬರಹವಾದರೋ ಮನುಷ್ಯನು ಬಹಳ ತಡವಾಗಿ ಕಂಡುಕೊಂಡ ಉಪಾಯ. ಅದರ ಇತಿಹಾಸ ಸುಮಾರು 5,000 ವರ್ಷಗಳದು ಮಾತ್ರ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನದ ಕಾಲವು ಸುಮಾರು ಕ್ರಿ.ಶ. 450. ಮಾನವಕುಲವು ಅನೇಕ ತಲೆಮಾರುಗಳಲ್ಲಿ ರೂಪಿಸಿಕೊಂಡ ಈ ವಿದ್ಯೆಯನ್ನು ಆರು ವರ್ಷದ ಮಗು ಎರಡು ಮೂರು ವರ್ಷಗಳಲ್ಲಿ ಕೈವಶ ಮಾಡಿಕೊಳ್ಳಬೇಕೆಂದು ಶಾಲೆಯು ನಿರೀಕ್ಷಿಸುತ್ತದೆ. ಬಹುಮಂದಿ ಮಕ್ಕಳು ಈ ಹೊಳೆಯನ್ನು ದಾಟುತ್ತಾರೆ. ಕೆಲವರು ನಡುನೀರಿನಲ್ಲಿ ಎಡವುತ್ತಾರೆ.

ಹೀಗೆ ಎಡವಿದ ಮಗುವನ್ನು ಕುರಿತು ಲೋಕವು ಬಹು ಬೇಗ ತೀರ್ಪು ಕೊಟ್ಟುಬಿಡುತ್ತದೆ. ಒಬ್ಬರು ‘ದಡ್ಡ’ ಎನ್ನುತ್ತಾರೆ. ಇನ್ನೊಬ್ಬರು ‘ಸೋಮಾರಿ’ ಎನ್ನುತ್ತಾರೆ. ಮನೆಯವರು ಹಣೆಬರಹವನ್ನು ಹಳಿಯುತ್ತಾರೆ. ಈ ಮೂರು ಮಾತುಗಳಲ್ಲಿಯೂ ಒಂದೇ ದೋಷವಿದೆ: ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂಬುದನ್ನು ಯಾರೂ ಬಗ್ಗಿ ನೋಡಿಲ್ಲ. ಓದಲು ಕಷ್ಟಪಡುವ ಮಗುವಿಗೆ ಬೇಕಾದುದು ಬೈಗುಳವಲ್ಲ, ಬರಿಯ ಮರುಕವೂ ಅಲ್ಲ. ಅದು ಎಡವಿದ ಕಲ್ಲು ಯಾವುದೆಂದು ಕಂಡುಹಿಡಿದು, ಅಲ್ಲಿಂದ ಕೈಹಿಡಿದು ನಡೆಸುವ ಗುರು ಬೇಕು. ಗುರುವಿನ ವಾತ್ಸಲ್ಯವೆಂದರೆ ಇದೇ. ಕಣ್ಣಿಟ್ಟು ನೋಡದ ವಾತ್ಸಲ್ಯವು ಮಗುವಿನ ಕಷ್ಟವನ್ನು ಮುಟ್ಟಲಾರದು.

ಓದು ಬಾರದಿರುವುದಕ್ಕೂ ಬುದ್ಧಿಯಿಲ್ಲದಿರುವುದಕ್ಕೂ ಇರುವ ಅಂತರವನ್ನು ತೋರಿಸಲು ಒಂದು ನಿದರ್ಶನ ಸಾಕು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ವಿಷಯವನ್ನು ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹುಡುಗ ಚುರುಕಾದವನು, ಆಟದಲ್ಲಿ ಯಾರಿಗೂ ಕಡಮೆಯಿಲ್ಲದವನು. ಏಳನೆಯ ವಯಸ್ಸಿನಿಂದಲೂ ಅವನಿಗೆ ಪಾಠ ನಡೆದಿತ್ತು. ಬಿಡಿ ಅಕ್ಷರಗಳನ್ನು ಅವನು ಬಲ್ಲವನಾಗಿದ್ದ. 749ನ್ನು 867ರಿಂದ ಬೇಗನೆ, ತಪ್ಪಿಲ್ಲದೆ ಗುಣಿಸಬಲ್ಲವನಾಗಿದ್ದ. ಆದರೆ ಅತಿ ಚಿಕ್ಕ ಪದಗಳ ಹೊರತು ಬೇರೆ ಪದಗಳನ್ನು ಓದುವುದು ಅವನಿಂದ ಆಗುತ್ತಿರಲಿಲ್ಲ. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದ. ತಪ್ಪನ್ನು ಒಂದಕ್ಕಿಂತ ಹೆಚ್ಚು ಸಾರಿ ಎತ್ತಿ ತೋರಿಸುವವರೆಗೂ ಅದು ಅವನ ಗಮನಕ್ಕೆ ಬರಲಿಲ್ಲ. ಅವನಿಗೆ ಪಾಠ ಹೇಳಿದ ಉಪಾಧ್ಯಾಯರ ಅಭಿಪ್ರಾಯ ಗಮನಾರ್ಹವಾದುದು. ಪಾಠಗಳೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಶಾಲೆಗೆಲ್ಲ ಅವನೇ ಅತ್ಯಂತ ಜಾಣನೆನಿಸಿಕೊಳ್ಳುತ್ತಿದ್ದನೆಂದು ಅವರು ಹೇಳಿದ್ದರು. ಇಂತಹ ತೊಡಕನ್ನು ಇಂದು ಡಿಸ್ಲೆಕ್ಸಿಯಾ ಎಂದು ಕರೆಯುತ್ತಾರೆ. ಅದು ಬುದ್ಧಿಯ ಕೊರತೆಯಲ್ಲ, ಪ್ರಯತ್ನದ ಕೊರತೆಯೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಹೊಂದಿಸುವ ಕೆಲಸದಲ್ಲಿ ಬಹುಮಟ್ಟಿಗೆ ತೋರುವ, ಹುಟ್ಟಿನಿಂದಲೇ ಬಂದ ತೊಡಕು.

ಓದಿನಲ್ಲಿ ಹಿಂದೆ ಬಿದ್ದ ಮಕ್ಕಳೆಲ್ಲರಿಗೂ ಇಂತಹ ತೊಡಕೇ ಇರುತ್ತದೆಂದು ತಿಳಿಯಬಾರದು. ಎಡವಲು ಕಾರಣಗಳು ಹಲವು. ಕನ್ನಡ ಲಿಪಿಯನ್ನೇ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕನ್ನಡವನ್ನು ಬರೆದಂತೆಯೇ ಓದಬಹುದು ಎಂಬ ಹೆಮ್ಮೆ ಸರಿಯಾದುದೇ. ಆದರೆ ಆ ಸೌಲಭ್ಯದೊಡನೆ ಒಂದು ಭಾರವೂ ಇದೆ. ವರ್ಣಮಾಲೆಯ 49 ಅಕ್ಷರಗಳಲ್ಲಿ 34 ವ್ಯಂಜನಗಳು. ಅವಕ್ಕೆ 13 ಸ್ವರಗಳೂ 2 ಯೋಗವಾಹಗಳೂ ಕೂಡಿದಾಗ 510 ರೂಪಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು. ‘ಅಕ್ಕ’ ಎಂಬಲ್ಲಿ ಕಕಾರದ ಒತ್ತು ಕಕಾರವನ್ನೇ ಹೋಲುತ್ತದೆ. ‘ಅಮ್ಮ’ ಎಂಬಲ್ಲಿ ಮಕಾರದ ಒತ್ತು ಮಕಾರವನ್ನು ಹೋಲುವುದಿಲ್ಲ. ‘ಆಸ್ತಿ’ ಎಂಬ ಪದದಲ್ಲಿ ಇಕಾರದ ಧ್ವನಿ ಕೊನೆಯಲ್ಲಿ ಬರುತ್ತದೆ. ಅದರ ಗುರುತು ಮಾತ್ರ ಮೇಲಿನ ಸಕಾರಕ್ಕೆ ಹತ್ತಿಕೊಂಡಿರುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲಿಯೇ ಓದುವ ಮಗು ಅದನ್ನು ‘ಆಸಿತ’ ಎನ್ನುತ್ತದೆ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಬೇಕು. ಅದರ ಗುರುತಾದ ಅರ್ಕಾವತ್ತನ್ನು ಬರೆಯುವುದು ಯಕಾರದ ನಂತರ. ಹೀಗೆ ತಪ್ಪು ಓದಿದ ಮಗು ದಡ್ಡತನದಿಂದ ತಪ್ಪು ಮಾಡಿಲ್ಲ. ತನಗೆ ತಿಳಿದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ ಮುಂದಿನ ನಿಯಮವನ್ನು ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೆ.

ಆದುದರಿಂದ ಒಳ್ಳೆಯ ಉಪಾಧ್ಯಾಯರು ಮಾಡಬೇಕಾದ ಮೊದಲ ಕೆಲಸ ಕಲಿಸುವುದಲ್ಲ, ಕೇಳುವುದು. ಮಗುವನ್ನು ಏಕಾಂತದಲ್ಲಿ ಬಳಿಗೆ ಕೂರಿಸಿಕೊಂಡು, ಹತ್ತು ನಿಮಿಷ ಅದರ ಓದನ್ನು ತಾಳ್ಮೆಯಿಂದ ಕೇಳಿದರೆ ಇಡೀ ವರ್ಷದ ಪರೀಕ್ಷೆಗಳು ಹೇಳದ ಸಂಗತಿಗಳು ಹೊರಬೀಳುತ್ತವೆ. ಒಂದು ಮಗು ‘ಬಲೆ’ಯನ್ನೂ ‘ಬೆಲೆ’ಯನ್ನೂ ಒಂದೇ ಎಂದು ಓದುತ್ತದೆ, ಅದಕ್ಕೆ ಗುಣಿತದ ಗುರುತುಗಳು ಮನದಟ್ಟಾಗಿಲ್ಲ. ಇನ್ನೊಂದು ಮಗು ಬಿಡಿ ಅಕ್ಷರಗಳನ್ನೆಲ್ಲ ಸರಿಯಾಗಿ ಹೇಳುತ್ತದೆ, ಕೂಡಿಸಲಾರದು. ಮತ್ತೊಂದು ಪದಗಳನ್ನು ಕೂಡಿಸುತ್ತದೆ. ಆದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಇನ್ನೂ ಒಂದು ಬಗೆಯ ಮಗುವಿದೆ. ಅದು ಪಾಠವನ್ನು ಗಿಳಿಯಂತೆ ಒಪ್ಪಿಸುತ್ತದೆ, ಆದರೆ ಅದರ ಬೆರಳು ಬೇರೆಯೇ ಸಾಲಿನ ಮೇಲೆ ಓಡುತ್ತಿರುತ್ತದೆ. ಗೆಳೆಯರು ಓದುವುದನ್ನು ಕಿವಿಯಿಂದ ಕೇಳಿ ಬಾಯಿಪಾಠ ಮಾಡಿಕೊಂಡ ಮಗು ಅದು. ಅಂತಹ ನೆನಪಿನ ಶಕ್ತಿಯುಳ್ಳ ಮಗುವನ್ನು ದಡ್ಡನೆನ್ನಲು ಯಾರಿಗೆ ಬಾಯಿ ಬಂದೀತು? ನಾಲ್ವರೂ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುತ್ತಾರೆ. ಆದರೆ ನಾಲ್ವರಿಗೂ ಬೇಕಾದ ಮದ್ದು ಬೇರೆ ಬೇರೆ.

ಕೇಳುವ ಉಪಾಧ್ಯಾಯರಿಗೆ ಇನ್ನೂ ಒಂದು ವಿವೇಕವಿರಬೇಕು. ತಪ್ಪಿನಂತೆ ತೋರುವುದೆಲ್ಲ ತಪ್ಪಲ್ಲ. ಹಳೆಯ ಮೈಸೂರು ಸೀಮೆಯ ಹಲವು ಹಳ್ಳಿಗಳಲ್ಲಿ ‘ಹಾಲು’ ಎಂಬುದು ಮಾತಿನಲ್ಲಿ ‘ಆಲು’ ಆಗುತ್ತದೆ. ಆ ಮನೆಯ ಮಗು ‘ಹಾಲು’ ಎಂಬ ಬರಹವನ್ನು ನೋಡಿ ‘ಆಲು’ ಎಂದರೆ ಅದು ಪದವನ್ನು ಗುರುತಿಸಿದೆ, ಅರ್ಥವನ್ನೂ ತಿಳಿದಿದೆ. ಉಚ್ಚಾರಣೆ ಮಾತ್ರ ಮನೆಯದು. ಮಹಾಪ್ರಾಣಗಳ ಮಾತೂ ಹೀಗೆಯೇ. ಕರ್ನಾಟಕದಲ್ಲಿ ತುಳು, ಕೊಂಕಣಿ, ಕೊಡವ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮೊದಲಾದ ಭಾಷೆಗಳನ್ನಾಡುವ ಮನೆಗಳಿಂದ ಕನ್ನಡ ಶಾಲೆಗೆ ಬರುವ ಮಕ್ಕಳು ಅನೇಕರಿದ್ದಾರೆ. ಅವರು ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಯಬೇಕು. ಅಂತಹವರಿಗೆ ಮೊದಲು ಕನ್ನಡದ ಮಾತು, ಕತೆ, ಹಾಡುಗಳು ಕಿವಿತುಂಬ ದೊರೆಯಬೇಕು. ಮಗುವಿನ ಮನೆಯ ಮಾತನ್ನು ಹೀಗಳೆದು ಅದಕ್ಕೆ ಪುಸ್ತಕದ ಮಾತನ್ನು ಕಲಿಸಹೊರಟರೆ ಅದು ಎರಡನ್ನೂ ಆಡಲು ಅಂಜುತ್ತದೆ. ಇವಲ್ಲದೆ ದೃಷ್ಟಿ ಮಂದವಾಗಿದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ, ತಂದೆತಾಯಿಗಳು ಕೂಲಿ ಅರಸಿ ಗುಳೆ ಹೋದುದರಿಂದ ಪಾಠಗಳು ತಪ್ಪಿಹೋಗಿವೆಯೇ ಎಂಬುದನ್ನೂ ವಿಚಾರಿಸಬೇಕು. ಕರಿಹಲಗೆ ಕಾಣದ ಮಗುವಿಗೆ ಬೇಕಾದುದು ಕನ್ನಡಕ, ಗದರಿಕೆಯಲ್ಲ.

ಎಡವಿದ ಸ್ಥಳ ತಿಳಿದ ಮೇಲೆ ಅಲ್ಲಿಗೆ ಹಿಂದಿರುಗುವ ಧೈರ್ಯ ಬೇಕು. ಐದನೆಯ ತರಗತಿಯ ಮಗುವಿಗೆ ಗುಣಿತಾಕ್ಷರವೇ ಬಾರದಿದ್ದರೆ ಐದನೆಯ ತರಗತಿಯ ಪಾಠವನ್ನು ಹತ್ತು ಸಾರಿ ಓದಿಸಿ ಫಲವಿಲ್ಲ. ತಳಪಾಯವಿಲ್ಲದ ಗೋಡೆಗೆ ಎಷ್ಟು ಗಾರೆ ಮೆತ್ತಿದರೂ ಅದು ನಿಲ್ಲದು. ಈ ತತ್ತ್ವವನ್ನು ಕರ್ನಾಟಕದ ಉಪಾಧ್ಯಾಯರೇ ಆಚರಣೆಗೆ ತಂದು ತೋರಿಸಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಎಂಬ ಪದ್ಧತಿ ಆರಂಭವಾಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ಕಂಡುಬಂದ ಉಪಾಧ್ಯಾಯರು ಅದನ್ನು ಇಲ್ಲಿಗೆ ಹೊಂದಿಸಿಕೊಂಡರು; ಮುಂದೆ ಅದು ರಾಜ್ಯದ ಇತರ ಸರ್ಕಾರಿ ಶಾಲೆಗಳಿಗೂ ಹಬ್ಬಿತು. ಅದರಲ್ಲಿ ಅಕಾರಾದಿಯಾಗಿ ವರ್ಣಮಾಲೆಯನ್ನು ಕಲಿಸದೆ, ರ, ಗ, ಸ, ದ, ಅ ಎಂಬ ಸುಲಭವಾದ ಅಕ್ಷರಗಳಿಂದ ತೊಡಗುತ್ತಾರೆ. ಈ ಐದೇ ಅಕ್ಷರಗಳಿಂದ ಸರ, ದರ, ಅಗಸ, ಗರಗಸ ಎಂಬ ಪದಗಳಾಗುತ್ತವೆ. 49 ಅಕ್ಷರಗಳನ್ನು ಕಲಿತು ಮುಗಿಸುವವರೆಗೆ ಅರ್ಥಕ್ಕಾಗಿ ಕಾಯಬೇಕಾಗಿಲ್ಲ. ಕೆಲವೇ ದಿನಗಳಲ್ಲಿ ಮಗು ‘ಓದಿದೆ’ ಎಂಬ ಸಂತೋಷವನ್ನು ಸವಿಯುತ್ತದೆ. ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿರುವುದರಿಂದ ಪ್ರತಿಯೊಂದು ಮಗುವೂ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಏರಬಹುದು. ಜ್ವರ ಬಂದು ವಾರ ಕಾಲ ಶಾಲೆ ತಪ್ಪಿಸಿದ ಮಗುವೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಅಕ್ಷರವು ಕಣ್ಣಿನಲ್ಲಿ ನಿಲ್ಲದ ಮಗುವಿಗೆ ಕೈಯ ನೆರವನ್ನೂ ಒದಗಿಸಬೇಕು. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಬಾಯಲ್ಲಿ ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದರು. ಆ ಮಠಗಳ ಶಿಕ್ಷೆಗಳು ಅನುಕರಣೀಯವಲ್ಲ. ಆದರೆ ಕಣ್ಣು, ಕಿವಿ, ಬಾಯಿ, ಬೆರಳುಗಳನ್ನು ಒಂದೇ ಕೆಲಸದಲ್ಲಿ ಕೂಡಿಸಿದ ಈ ಪದ್ಧತಿ ಉತ್ತಮವಾದುದು. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿಯವರು ಉಪ್ಪುಕಾಗದವನ್ನು ಅಕ್ಷರಗಳ ಆಕಾರಕ್ಕೆ ಕತ್ತರಿಸಿ, ಮಕ್ಕಳು ಅದರ ಮೇಲೆ ಬೆರಳಾಡಿಸುತ್ತ ಧ್ವನಿಯನ್ನು ಹೇಳುವಂತೆ ಮಾಡಿದರು. ಅಮೆರಿಕದಲ್ಲಿ ವೈದ್ಯರಾದ ಸ್ಯಾಮ್ಯುಯೆಲ್ ಆರ್ಟನ್ ಅವರೂ ಶಿಕ್ಷಕಿಯಾದ ಆನಾ ಗಿಲ್ಲಿಂಗ್‌ಹ್ಯಾಮ್ ಅವರೂ ಓದಿನ ತೊಡಕುಳ್ಳ ಮಕ್ಕಳಿಗಾಗಿ 1930ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿಯೂ ನೋಡುವುದು, ಕೇಳುವುದು, ಬರೆಯುವುದು ಒಟ್ಟಿಗೆ ಸಾಗುತ್ತವೆ. ಇದಕ್ಕೆ ಬೆಲೆಬಾಳುವ ಸಾಮಗ್ರಿಯೇನೂ ಬೇಕಾಗಿಲ್ಲ. ಒಂದು ತಟ್ಟೆ ಮರಳು, ಒಂದು ಬಳಪ, ಕೆಲವು ರಟ್ಟಿನ ತುಂಡುಗಳು ಸಾಕು. ಬೇಕಾದುದು ಕ್ರಮ, ಮತ್ತು ಪ್ರತಿದಿನವೂ ತಪ್ಪದ ಅಭ್ಯಾಸ.

ಇಷ್ಟೆಲ್ಲ ಮಾಡಿದರೂ ಒಂದು ಶತ್ರುವನ್ನು ಗೆಲ್ಲದಿದ್ದರೆ ಶ್ರಮವೆಲ್ಲ ವ್ಯರ್ಥ. ಆ ಶತ್ರುವೆಂದರೆ ನಾಚಿಕೆ. ತರಗತಿಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದುನಿಂತು ಓದುವಾಗ, ಓದು ಬಾರದ ಮಗು ತನ್ನ ಸರದಿ ಬರಲು ಇನ್ನೆಷ್ಟು ಮಂದಿ ಇದ್ದಾರೆಂದು ಎಣಿಸುತ್ತಿರುತ್ತದೆ. ಅದರ ಗಂಟಲು ಒಣಗುತ್ತದೆ. ಬಲ್ಲ ಅಕ್ಷರವೂ ಮರೆತುಹೋಗುತ್ತದೆ. ಮೊದಲ ತಪ್ಪಿಗೆ ಒಂದು ಮೂಲೆಯಿಂದ ನಗು ಕೇಳಿದರೆ ಎರಡನೆಯ ಪದಕ್ಕೆ ಬಾಯೇ ತೆರೆಯುವುದಿಲ್ಲ. ಹೀಗೆ ನಾಲ್ಕು ದಿನ ನಡೆದರೆ ಮಗು ಪುಸ್ತಕವನ್ನು ಕಂಡರೆ ಹೆದರುತ್ತದೆ. ಹೆದರಿ ಓದದೆ ಉಳಿಯುತ್ತದೆ. ಓದದೆ ಇನ್ನಷ್ಟು ಹಿಂದೆ ಬೀಳುತ್ತದೆ. ಈ ಸುಳಿಯಿಂದ ಮಗುವನ್ನು ಎತ್ತಬಲ್ಲವರು ಉಪಾಧ್ಯಾಯರೇ. ನಾಳೆ ಓದಬೇಕಾದ ನಾಲ್ಕು ಸಾಲುಗಳನ್ನು ಇಂದೇ ಗುಟ್ಟಾಗಿ ಹೇಳಿಕೊಟ್ಟರೆ ಆ ಮಗು ನಾಳೆ ತಲೆಯೆತ್ತಿ ಓದೀತು. ಉಪಾಧ್ಯಾಯರು ತಾವೂ ಅದರೊಡನೆ ದನಿಗೂಡಿಸಿ ಓದಬಹುದು. ಹೊಗಳುವಾಗಲೂ ‘ಶಹಭಾಸ್’ ಎಂದಷ್ಟೇ ಹೇಳದೆ, ‘ನಿನ್ನೆ ತಡೆದು ನಿಂತ ಒತ್ತಕ್ಷರವನ್ನು ಇಂದು ನೀನೇ ಬಿಡಿಸಿ ಓದಿದೆ’ ಎಂದರೆ ಮಗುವಿಗೆ ತನ್ನ ಶಕ್ತಿಯ ಅರಿವಾಗುತ್ತದೆ.

ಓದಿಗೆ ಕೊಡುವ ಪದಗಳೂ ಮಗುವಿನ ಬಾಳಿಗೆ ಹತ್ತಿರವಾಗಿರಬೇಕು. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ ತಮ್ಮ ಅನುಭವವನ್ನು 1963ರಲ್ಲಿ ಪ್ರಕಟವಾದ ‘ಟೀಚರ್’ ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ. ದೂರದ ನಾಡಿನ ಬದುಕನ್ನು ವರ್ಣಿಸುವ ವಾಚಕಗಳು ತಮ್ಮ ಮಕ್ಕಳಿಗೆ ಒಗ್ಗದುದನ್ನು ಕಂಡು, ಅವರು ಪ್ರತಿಯೊಂದು ಮಗುವನ್ನೂ ‘ನಿನಗೆ ಯಾವ ಪದ ಬೇಕು?’ ಎಂದು ಕೇಳಿ, ಅದು ಹೇಳಿದ ಪದವನ್ನು ಒಂದು ರಟ್ಟಿನ ಮೇಲೆ ಬರೆದು ಅದರ ಕೈಗೇ ಕೊಡುತ್ತಿದ್ದರು. ಮಗುವಿನ ಅಕ್ಕರೆಗೆ, ಭಯಕ್ಕೆ ಸಂಬಂಧಿಸಿದ ಪದಗಳು ಒಂದೇ ನೋಟಕ್ಕೆ ಮನಸ್ಸಿನಲ್ಲಿ ನೆಲೆಸುತ್ತಿದ್ದವು. ಕನ್ನಡದ ಮಗುವೂ ತನ್ನ ಮನೆಯ ಹಸುವಿನ ಹೆಸರನ್ನೋ, ಊರ ಜಾತ್ರೆಯ ಸುದ್ದಿಯನ್ನೋ ಹೇಳಲಿ. ಉಪಾಧ್ಯಾಯರು ಅದನ್ನು ಎರಡು ಸಾಲಿನಲ್ಲಿ ಬರೆದುಕೊಡಲಿ. ತಾನಾಡಿದ ಮಾತೇ ಬರಹವಾಗಿ ಕಾಣುವಾಗ ಓದೆಂದರೇನು ಎಂಬುದು ಮಗುವಿಗೆ ಹೊಳೆಯುತ್ತದೆ.

ಈ ವಿಚಾರಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ನಲವತ್ತು ಐವತ್ತು ಮಕ್ಕಳ ತರಗತಿಯಲ್ಲಿ ಒಂದೊಂದು ಮಗುವಿನ ಬಳಿ ಕೂರಲು ಬಿಡುವೆಲ್ಲಿ ಎಂದು ಕೇಳುವವರುಂಟು. ತೊಂದರೆ ನಿಜವಾದುದು, ಅದನ್ನು ಹಗುರವಾಗಿ ಕಾಣಬಾರದು. ಉಪಾಧ್ಯಾಯರ ಮೇಲಿನ ಇತರ ಹೊರೆಯನ್ನು ಇಳಿಸುವುದು ಸರ್ಕಾರದ ಮತ್ತು ಸಮಾಜದ ಹೊಣೆ. ಆದರೆ ಐವತ್ತು ಮಕ್ಕಳಲ್ಲಿ ಇಂತಹ ನೆರವು ಬೇಕಾದವರು ಎಲ್ಲರೂ ಅಲ್ಲ, ಕೆಲವರು. ಉಳಿದವರು ಬರೆಯುವ ಕೆಲಸದಲ್ಲಿ ತೊಡಗಿರುವಾಗ ದಿನಕ್ಕೆ ಒಂದು ಮಗುವಿನ ಓದನ್ನು ಕೇಳಿದರೂ ತಿಂಗಳಿನಲ್ಲಿ ಹಲವರ ತೊಡಕು ತಿಳಿಯುತ್ತದೆ. ಚೆನ್ನಾಗಿ ಓದುವ ಮಗುವನ್ನು ಜೊತೆಗೂಡಿಸಿದರೆ ಕಲಿಸುವವನಿಗೂ ಪಾಠ ಗಟ್ಟಿಯಾಗುತ್ತದೆ.

ಒಬ್ಬನಿಗೆ ಹೆಚ್ಚು ಗಮನ ಕೊಡುವುದು ಉಳಿದವರಿಗೆ ಅನ್ಯಾಯವಲ್ಲವೆ ಎಂಬುದು ಎರಡನೆಯ ಆಕ್ಷೇಪಣೆ. ತೋಟಗಾರನು ಎಲ್ಲ ಸಸಿಗಳಿಗೂ ಅಳೆದು ಒಂದೇ ಕೊಡ ನೀರೆರೆಯುವುದಿಲ್ಲ. ಬಾಡಿದ ಸಸಿಗೆ ಒಂದು ಕೊಡ ಹೆಚ್ಚಾಗಿ ಹಾಕುತ್ತಾನೆ. ಎಲ್ಲ ಸಸಿಗಳೂ ಬದುಕಬೇಕೆಂಬುದೇ ಅವನ ನ್ಯಾಯ. ಶಾಲೆಯ ನ್ಯಾಯವೂ ಅದೇ ಆಗಬೇಕು.

ಗದರಿಸದಿದ್ದರೆ ಮಕ್ಕಳು ಕಲಿಯುವುದಿಲ್ಲವೆಂಬುದು ಮೂರನೆಯ ಮಾತು. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬ ಗಾದೆ ಈಗಲೂ ಕೆಲವರ ಬಾಯಲ್ಲಿದೆ. ಶಿಕ್ಷಣದ ಹಕ್ಕಿನ 2009ರ ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ, ಛಡಿಯಿಂದ ಒತ್ತಕ್ಷರದ ನಿಯಮ ತಿಳಿಯುವುದೆ ಎಂದು ಕೇಳಿದರೆ ಗಾದೆಯ ಬಲ ಉಡುಗುತ್ತದೆ. ಹೆದರಿಕೆಯು ಮಗುವನ್ನು ಸುಮ್ಮನಿರಿಸಬಲ್ಲದು, ಓದಿಸಲಾರದು. ಆದರೆ ಇದರ ಇನ್ನೊಂದು ತುದಿಯನ್ನೂ ನೋಡಬೇಕು. ಮಗುವಿಗೆ ನೋವಾದೀತೆಂದು ಓದಿಸುವುದನ್ನೇ ಬಿಡುವುದು, ಉತ್ತರವನ್ನು ತಾವೇ ಬರೆಸಿ ಮುಂದಿನ ತರಗತಿಗೆ ದಾಟಿಸುವುದು ಕೂಡ ಕರುಣೆಯಲ್ಲ. ಅದು ಕಣ್ಣಿಗೆ ಕಾಣದ ಕ್ರೌರ್ಯ. ಏಕೆಂದರೆ ಮೇಲಿನ ತರಗತಿಗಳಲ್ಲಿ ಎಲ್ಲ ವಿದ್ಯೆಗೂ ಓದೇ ಬಾಗಿಲು. ಲೆಕ್ಕ ಬಲ್ಲ ಹುಡುಗನೂ ಪ್ರಶ್ನೆಯನ್ನು ಓದಲಾರದೆ ಸೋಲುತ್ತಾನೆ. ಮುಂದೆ ಬಸ್ಸಿನ ಫಲಕ, ಔಷಧಿಯ ಚೀಟಿ, ಸಾಲದ ಪತ್ರ ಎಲ್ಲಕ್ಕೂ ಇತರರ ಕಣ್ಣನ್ನು ನಂಬಬೇಕಾಗುತ್ತದೆ. ತಾನು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಮನೆಗಳನ್ನು ಕಳೆದುಕೊಂಡವರ ಕತೆ ಈ ನಾಡಿಗೆ ಹೊಸದಲ್ಲ.

ಉಪಾಧ್ಯಾಯರ ಪ್ರಯತ್ನವೊಂದೇ ಸಾಲದ ಸಂದರ್ಭಗಳೂ ಇವೆ. ತಿಂಗಳುಗಟ್ಟಲೆ ಕ್ರಮವಾಗಿ ಕಲಿಸಿದರೂ ಅಕ್ಷರ ನಿಲ್ಲದಿದ್ದರೆ ಮಗುವನ್ನು ತಜ್ಞರ ಬಳಿಗೆ ಕಳುಹಿಸಬೇಕು. ವಿಕಲಚೇತನರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯು ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಹೀಗೆ ಗುರುತಿಸಲ್ಪಟ್ಟ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ ಮೊದಲಾದ ಅನುಕೂಲಗಳನ್ನು ಪಡೆಯಬಹುದು. ಇದನ್ನು ತಂದೆತಾಯಿಗಳಿಗೆ ತಿಳಿಯಹೇಳುವುದೂ ಗುರುಧರ್ಮವೇ. ಆದರೆ ತಜ್ಞರು ಕೊಟ್ಟ ಹೆಸರು ನೆರವಿಗೆ ದಾರಿಯಾಗಬೇಕೇ ಹೊರತು ಕೈಚೆಲ್ಲಲು ನೆಪವಾಗಬಾರದು.

ಗುರುವಿನ ಈ ಕೆಲಸದಲ್ಲಿ ಸಹಪಾಠಿಗಳಿಗೂ ಪಾಲುಂಟು. ಪಕ್ಕದ ಬೆಂಚಿನವನು ತಡವರಿಸಿದಾಗ ನಗುವುದು ಸುಲಭ. ನಗದೆ ಕಾಯುವುದು, ಕೇಳಿದಾಗ ಮಾತ್ರ ಮೆಲ್ಲನೆ ಹೇಳಿಕೊಡುವುದು ಸಂಸ್ಕಾರದ ಗುರುತು. ಮೇಲಿನ ತರಗತಿಗೆ ಬಂದರೂ ಓದಿನಲ್ಲಿ ತಡವರಿಸುವ ವಿದ್ಯಾರ್ಥಿಯು ಕಾಲ ಮಿಂಚಿತೆಂದು ತಿಳಿಯಬೇಕಾಗಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮರಗಳಿಗೆ ಸಲ್ಲಬಹುದು. ಮನುಷ್ಯನ ಮನಸ್ಸಿಗೆ ಪೂರ್ತಿಯಾಗಿ ಸಲ್ಲದು. ವಯಸ್ಕರ ಶಿಕ್ಷಣದ ತರಗತಿಗಳಲ್ಲಿ ಅಜ್ಜ ಅಜ್ಜಿಯರೂ ಅಕ್ಷರ ಕಲಿತಿದ್ದಾರೆ. ಕಷ್ಟವನ್ನು ಮುಚ್ಚಿಡದೆ, ನಂಬಿಕೆಗೆ ಪಾತ್ರರಾದ ಉಪಾಧ್ಯಾಯರೊಬ್ಬರ ಬಳಿ ‘ಇಲ್ಲಿ ನನಗೆ ತಿಳಿಯುವುದಿಲ್ಲ’ ಎಂದು ಬೆರಳಿಟ್ಟು ತೋರಿಸುವುದೇ ಕಲಿಕೆಯ ಮೊದಲ ಹೆಜ್ಜೆ.

ಶಾಲೆಯ ಹಿರಿಮೆಯನ್ನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದವರ ಸಂಖ್ಯೆಯಿಂದ ಅಳೆಯುವುದು ರೂಢಿ. ಜಾಣ ಮಕ್ಕಳು ಯಾರು ಕಲಿಸಿದರೂ ಒಂದಿಷ್ಟು ಕಲಿತೇ ಕಲಿಯುತ್ತಾರೆ. ಗುರುವಿನ ವಿದ್ಯೆಗೂ ತಾಳ್ಮೆಗೂ ನಿಜವಾದ ಪರೀಕ್ಷೆಯೆಂದರೆ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತ ಮಗು. ಆ ಮಗು ಒಂದು ದಿನ, ಯಾರೂ ಹೇಳದೆ, ತಾನಾಗಿಯೇ ಒಂದು ಪುಸ್ತಕವನ್ನು ತೆರೆದರೆ ಆ ಪರೀಕ್ಷೆಯಲ್ಲಿ ಇಬ್ಬರೂ ತೇರ್ಗಡೆಯಾದಂತೆ.